ಸೀಗೆಪುಡಿ ಎಣ್ಣೆ ಬಿಡಿಸುವುದು ಹೇಗೆ?

ಪ್ರಶ್ನೆ: ಸೀಗೆಪುಡಿಗೆ ಶಾಂಪೂವಿನಷ್ಟು ನೊರೆ ಬರುವುದಿಲ್ಲ. ಆದರೂ ಅಭ್ಯಂಜನದ ಎಣ್ಣೆ ಹೇಗೆ ಹೋಗುತ್ತದೆ?

ಉತ್ತರ: ಎಣ್ಣೆ ಬಿಡಿಸುವುದು ನೊರೆಯಲ್ಲ, ಸೀಗೆಕಾಯಿಯಲ್ಲಿರುವ ಸಪೋನಿನ್ ಎಂಬ ವಸ್ತು. ಅದರ ಅಣುವಿನ ಒಂದು ಭಾಗ ಎಣ್ಣೆಯನ್ನು ಹಿಡಿದರೆ ಇನ್ನೊಂದು ನೀರನ್ನು ಹಿಡಿಯುತ್ತದೆ. ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನ ಜೊತೆ ಹೊರಟುಹೋಗುತ್ತದೆ. ಅಂಟುವಾಳದ ಕಾಯಿಯಲ್ಲೂ ಇರುವುದು ಸಪೋನಿನ್ನೇ.

ಬೋರ್‌ವೆಲ್ ನೀರಿನ ಊರುಗಳಲ್ಲಂತೂ ಸೀಗೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸ್ನಾನದ ಸೋಪಿನೊಡನೆ ಸೇರಿ ಬಿಳಿ ಗಸಿಯಾಗಿ ಕೂದಲಿಗೆ ಮೆತ್ತಿಕೊಳ್ಳುತ್ತವೆ. ಸಪೋನಿನ್ ಹಾಗೆ ಗಸಿ ಕಟ್ಟುವುದಿಲ್ಲ. ಜೊತೆಗೆ ಸೋಪು ಕ್ಷಾರ, ಸೀಗೆ ತುಸು ಆಮ್ಲೀಯ. ಕ್ಷಾರ ತಗಲಿದಾಗ ಕೂದಲಿನ ಹೊರಪದರ ಉಬ್ಬಿ, ಮುಟ್ಟಿದರೆ ಒರಟೆನಿಸುತ್ತದೆ. ಅದಕ್ಕೇ ತಲೆಗೆ ಮೈಸೋಪು ಬೇಡ ಎನ್ನುವುದು.

ಪುಡಿಯನ್ನು ಒಣದಾಗಿ ಹಾಕಬೇಡಿ. ಬಿಸಿನೀರಲ್ಲಿ ಕಲಸಿ, ಸ್ವಲ್ಪ ನೆನೆಯಲು ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿಕೊಂಡರೆ ತರಿ ಕೂದಲಲ್ಲಿ ಉಳಿಯದು. ದಾಸವಾಳದ ಎಲೆಯ ಲೋಳೆ ಬೆರೆಸಿದರೆ ಸಿಕ್ಕು ಸುಲಭವಾಗಿ ಬಿಡುತ್ತದೆ. ಮಕ್ಕಳ ತಲೆಯನ್ನು ಮಾತ್ರ ಹಿಂದಕ್ಕೆ ಬಾಗಿಸಿಯೇ ತೊಳೆಯಿರಿ. ಸೀಗೆ ಕಣ್ಣಿಗೆ ಬಿದ್ದರೆ ಬಹಳ ಉರಿ. ಬಿದ್ದರೆ ಉಜ್ಜದೆ, ಶುದ್ಧ ತಣ್ಣೀರನ್ನು ಧಾರಾಳವಾಗಿ ಹಾಕಿ.