ಪಾಳಿಗೆ ಇಳಿದವರ ಹೆಸರು ಹಿಡಿದು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಕವಲೊಡೆಯುವ ರೈಲು ದಾರಿಯಲ್ಲಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳು ಒಂದರ ಬೆನ್ನಿಗೊಂದು ಬರುತ್ತವೆ. ಯಾವುದರಲ್ಲಿ ಇಳಿದರೂ ನಡೆದು ಹೋಗುವಷ್ಟು ದೂರದಲ್ಲಿ ಒಂದು ಚರ್ಚು ಸಿಕ್ಕುತ್ತದೆ. ಕ್ಯಾಥೊಲಿಕ್, ಸಿಎಸ್ಐ, ಮೆಥಡಿಸ್ಟ್, ಲುಥೆರನ್, ಬ್ಯಾಪ್ಟಿಸ್ಟ್, ಪೆಂಟೆಕೋಸ್ಟ್ ಸಭೆಗಳಿಗೆ ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ ಬರವಿಲ್ಲ. ಇವುಗಳ ಆರಾಧನೆಯ ಕ್ರಮ ಬೇರೆ, ಹಾಡುವ ಭಾಷೆ ಬೇರೆ. ಕೂಟ ಮುಗಿಯುವ ಮುಂಚೆ ಬರುವ ಮಾತು ಮಾತ್ರ ಹೆಚ್ಚುಕಡಿಮೆ ಒಂದೇ: ಯಾರಿಗಾದರೂ ಪ್ರಾರ್ಥನೆಯ ಅಗತ್ಯವಿದೆಯೇ?

ಆಗ ಒಬ್ಬೊಬ್ಬರೇ ಬಾಯಿ ಬಿಡುತ್ತಾರೆ. "ಅಕ್ಕಾ, ನಮ್ಮ ಮನೆಯವರಿಗೆ ಉಸಿರು ಸಾಲುತ್ತಿಲ್ಲ." "ಮಗಳಿಗೆ ನಾಳೆ ಇಂಟರ್‌ವ್ಯೂ, ಪಾಸ್ಟರಯ್ಯ." ಚಾಪೆಯ ಮೇಲೆ ಕುಳಿತ ಒಬ್ಬಾಕೆ ಶಾಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳುತ್ತಾಳೆ. ಹೋದ ವಾರದ ಹೆಸರುಗಳನ್ನೂ ಒಮ್ಮೆ ಓದುತ್ತಾರೆ. ವಾಸಿಯಾದವರು ಸಾಕ್ಷಿ ಹೇಳುತ್ತಾರೆ, ಆಗದವರ ಹೆಸರು ಮುಂದಿನ ಹಾಳೆಗೆ ಹೋಗುತ್ತದೆ.

ಈ ಪಟ್ಟಿಯ ಮೂಲ ಹುಡುಕುತ್ತ ಹೋದರೆ ಸಿಕ್ಕುವುದು ಸಾಲ ವಸೂಲಿ! 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ತಮ್ಮ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ತಲೆಗೆ ವಾರಕ್ಕೊಂದು ಪೆನ್ನಿ ಎತ್ತುವುದೆಂದು ತೀರ್ಮಾನಿಸಿದರು. ಸುಮಾರು ಹನ್ನೆರಡು ಮಂದಿಗೆ ಒಬ್ಬ ಮುಖಂಡ. ಆತ ಮನೆಮನೆಗೆ ಹೋಗಿ ಕಾಸು ಎತ್ತಬೇಕು, ಕೊಡಲಾಗದವರ ಪಾಲನ್ನು ತಾನೇ ತುಂಬಬೇಕು. ಕಾಸಿಗೆಂದು ಹೊಸ್ತಿಲು ತುಳಿದವನಿಗೆ ಒಳಗಿನ ಕಾಯಿಲೆ, ಕುಡಿತ, ಜಗಳ ಕಾಣದೆ ಇರುತ್ತದೆಯೇ? ತಾನು ಬಹುಕಾಲದಿಂದ ಹುಡುಕುತ್ತಿದ್ದದ್ದು ಇದನ್ನೇ ಎಂದು ವೆಸ್ಲಿಗೆ ಅನ್ನಿಸಿತು. ವಸೂಲಿಯ ಗುಂಪು ಹೀಗೆ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಮಂಡಿಯೂರುವ ವಾರದ ಕೂಟವಾಯಿತು.

ಈ ಕೂಟ ಗಟ್ಟಿಯಾಗಿ ಬೇರೂರಿದ್ದು ಕಾರ್ನ್‌ವಾಲ್ ಸೀಮೆಯ ತವರ, ತಾಮ್ರದ ಗಣಿಗಳಲ್ಲಿ. ಗಣಿ ಕುಸಿದು ಆದದ್ದೆಂದು ಹೇಳುವ ಗ್ವೆನಪ್ ಎಂಬ ಗುಂಡಿಯೇ ಅಲ್ಲಿ ವೆಸ್ಲಿಯ ಬೋಧನೆಯ ಬಯಲಾಗಿತ್ತು. ತಾಮ್ರದ ಬೆಲೆ ಬಿದ್ದು ಗಣಿಗಳು ಮುಚ್ಚತೊಡಗಿದಾಗ ಆ ಕೆಲಸಗಾರರು ಲೋಕವೆಲ್ಲ ಚದುರಿದರು. 1880ರಲ್ಲಿ ಕೋಲಾರದ ಚಿನ್ನಕ್ಕೆ ಕೈಹಾಕಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅವರನ್ನು ಇಲ್ಲಿಗೂ ಕರೆತಂದಿತು.

ಹಾಗೆಂದು ಬಿಳಿಯ ಮೇಸ್ತ್ರಿಗಳು ಕೂಲಿ ಲೈನಿನ, ಅಂದರೆ ಕಾರ್ಮಿಕರ ಸಾಲುಮನೆಗಳ, ಚಾಪೆಯಲ್ಲಿ ಕುಳಿತು ಪ್ರಾರ್ಥನೆ ಕಲಿಸಿದರು ಎಂದುಕೊಳ್ಳಬೇಡಿ. ಬಂಗಲೆಗೂ ಲೈನಿಗೂ ನಡುವೆ ದೊಡ್ಡ ಬೇಲಿಯೇ ಇತ್ತು. ಲೈನಿಗೆ ಈ ರೂಢಿ ಬೇರೆ ದಾರಿಗಳಿಂದ ಬಂತು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಕೆಲಸಕ್ಕೆ ಬಂದ ದಲಿತ ಕುಟುಂಬಗಳಲ್ಲಿ ಕೆಲವರು ಊರಿನಿಂದಲೇ ಕ್ರೈಸ್ತರಾಗಿ ಬಂದಿದ್ದರು. ಇತ್ತ ಕೋಲಾರದಲ್ಲಿ 1876–78ರ ಬರದ ಅನಾಥ ಮಕ್ಕಳನ್ನು ಸಾಕಿದ ಮಿಸ್ ಆನ್‌ಸ್ಟಿ ತಮ್ಮ ಕೆಲಸವನ್ನು 1890ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿದರು. ಆಗಿನ್ನೂ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯ ಸುತ್ತಲ ಕನ್ನಡ, ತೆಲುಗು ಹಳ್ಳಿಗಳತ್ತ ಮಿಷನ್ನಿನವರು ಓಡಾಡತೊಡಗಿದರು.

ಕೆಜಿಎಫ್‌ನಲ್ಲಿ ಪ್ರಾರ್ಥನೆಯ ಪಟ್ಟಿ ಇಷ್ಟು ಗಟ್ಟಿಯಾಗಿ ನಿಂತದ್ದಕ್ಕೆ ಮಿಷನ್ನಿಗಿಂತ ನೆಲದಡಿಯ ಕೆಲಸವೇ ದೊಡ್ಡ ಕಾರಣವೆಂದು ನನಗನ್ನಿಸುತ್ತದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಆ ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿದರೆ ಮೇಲಿನ ಮನೆಯ ಪಾತ್ರೆಗಳು ಅಲುಗುತ್ತಿದ್ದವು. ಆ ಪಾಳಿಗೆ ಯಾರ್‍ಯಾರು ಇಳಿದಿದ್ದಾರೆ ಎಂಬುದು ಇಡೀ ಲೈನಿಗೆ ಗೊತ್ತು. ಯಾರು ಮೇಲೆ ಬರುತ್ತಾರೆಂಬುದು ಯಾರಿಗೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ಯೇಸುವೋ ಮಾರಿಯಮ್ಮನೋ, ಬಾಯಿಗೆ ಬರುತ್ತಿದ್ದದ್ದು ಹೆಸರುಗಳು.

ಬಂಡೆ ಸಿಡಿತದ ಪ್ರಾರ್ಥನೆ ಒಂದು ರಾತ್ರಿಯದು. ವಾರವಾರವೂ ಬಿಡದೆ ಪ್ರಾರ್ಥನೆ ಬೇಡುತ್ತಿದ್ದದ್ದು ಧೂಳು. ಕಲ್ಲು ಕೊರೆಯುವಾಗ ಏಳುವ ಸಣ್ಣ ಪುಡಿ ಶ್ವಾಸಕೋಶದಲ್ಲಿ ಕುಳಿತು ವರ್ಷಗಟ್ಟಲೆ ಕೊಲ್ಲುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ದಾಖಲಾದದ್ದೇ ಇಲ್ಲಿ, 1934ರಲ್ಲಿ. ವಾಸಿಯಾಗದ, ಬೇಗ ಸಾಯಿಸಲೂ ಒಲ್ಲದ ಕಾಯಿಲೆ. ನೋಟ್‌ಬುಕ್ಕಿನಲ್ಲಿ ಹಾಳೆಯಿಂದ ಹಾಳೆಗೆ ಒಂದೇ ಹೆಸರು ದಾಟುವುದೆಂದರೆ ಇಂಥ ಕಾಯಿಲೆಯಲ್ಲಿ.

ಪ್ರಾರ್ಥನೆ ಜನರನ್ನು ಹಕ್ಕು ಕೇಳದಂತೆ ತಣ್ಣಗಿಟ್ಟಿತೇ ಎಂಬ ಪ್ರಶ್ನೆ ಏಳಬಹುದು. ಆದರೆ ಹೆಬ್ಬೆಟ್ಟಿನ ಗುರುತು ಕೊಡುವುದಿಲ್ಲವೆಂದು 1930ರಲ್ಲಿ ಮುಷ್ಕರ ಹೂಡಿದ ಊರು ಇದು. 1946ರಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರನ್ನು ಕಳೆದುಕೊಂಡ ಊರು. ದಲಿತ ಚಿಂತಕ ಅಯೋತಿ ದಾಸರ ಬೌದ್ಧ ಸಂಘವೂ ಇದೇ ಲೈನುಗಳಲ್ಲಿ ನೆಲೆ ಕಂಡಿತ್ತು. ಗಂಡ ಕೆಂಬಾವುಟದ ಮೆರವಣಿಗೆಗೆ, ಹೆಂಡತಿ ಉಪವಾಸ ಪ್ರಾರ್ಥನೆಗೆ ಹೋಗುವುದಕ್ಕೆ ಇಂಥ ಊರಿನಲ್ಲಿ ತಡೆಯೇನಿರಲಿಲ್ಲ.

ಈ ಪ್ರಾರ್ಥನೆಯ ರೂಢಿಗೆ ಹೊರಗಿನಿಂದ ಬಂದು ಸೇರಿಕೊಂಡದ್ದೂ ಇದೆ. ಜನವರಿಯ ಮೊದಲ ವಾರ ಹಲವು ಸಭೆಗಳು ಆಚರಿಸುವ ಪ್ರಾರ್ಥನಾ ಸಪ್ತಾಹ ಹುಟ್ಟಿದ್ದು ಪಂಜಾಬಿನ ಲೂಧಿಯಾನದಲ್ಲಿ. ಅಲ್ಲಿನ ಮಿಷನರಿಗಳು 1858ರಲ್ಲಿ ಕೊಟ್ಟ ಕರೆಗೆ ಓಗೊಟ್ಟು 1860ರಲ್ಲಿ ಹಲವು ದೇಶಗಳ ಸಭೆಗಳು ಒಟ್ಟಿಗೆ ಪ್ರಾರ್ಥಿಸಿದವು. ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿದ ಪಂಡಿತೆ ರಮಾಬಾಯಿ 1905ರ ಆರಂಭದಲ್ಲಿ ಪುಣೆ ಬಳಿಯ ಮುಕ್ತಿ ಮಿಷನ್ನಿನಲ್ಲಿ ದಿನವೂ ಪ್ರಾರ್ಥಿಸಲು ಹೆಣ್ಣುಮಕ್ಕಳನ್ನು ಕರೆದರು. ಸುಮಾರು 70 ಮಂದಿಯಿಂದ ಮೊದಲಾದ ಗುಂಪು ಕೆಲವೇ ತಿಂಗಳಲ್ಲಿ 500 ದಾಟಿತು. ಕ್ಯಾಥೊಲಿಕ್ ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಗೆ ಮತ್ತೆ ಜಾಗ ಸಿಕ್ಕಿದ್ದು ವ್ಯಾಟಿಕನ್ ಮಹಾಸಭೆಯ 1963ರ ತೀರ್ಮಾನದಿಂದ. ನೊವೇನಾ, ಜಪಸರಗಳಂತೂ ಅದಕ್ಕೂ ಹಿಂದಿನವು.

ಆಮೇಲೆ ರೇಡಿಯೊ ಬಂತು, ಫೋನು ಬಂತು. ಬೋಧಕ ಡಿ.ಜಿ.ಎಸ್. ದಿನಕರನ್ ಅವರ ತಮಿಳು ಬಾನುಲಿ ಕಾರ್ಯಕ್ರಮ 1970ರ ದಶಕದಲ್ಲಿ ಆರಂಭವಾಯಿತು. 1983ರಲ್ಲಿ ಚೆನ್ನೈನಲ್ಲಿ ಫೋನಿನಲ್ಲಿ ಬಿನ್ನಹ ಕೇಳಿ ಪ್ರಾರ್ಥಿಸುವ ಅವರ ಪ್ರಾರ್ಥನಾ ಗೋಪುರ ಎದ್ದಿತು. ಅಮೆರಿಕದ ಟಲ್ಸಾದಲ್ಲಿ ಓರಲ್ ರಾಬರ್ಟ್ಸ್ ಅಂಥದ್ದೊಂದನ್ನು 1967ರಲ್ಲೇ ಕಟ್ಟಿದ್ದರು. ಮುಖ ಕಾಣದವರು ನಮ್ಮ ಕಷ್ಟಕ್ಕೆ ಪ್ರಾರ್ಥಿಸುವುದು ಹಳಬರಿಗೆ ವಿಚಿತ್ರ. ಇಂಥ ಸೇವೆಗಳ ಸುತ್ತ ಓಡಾಡುವ ಕಾಣಿಕೆಯ ಹಣದ ಬಗ್ಗೆ ನನಗೂ ತಕರಾರಿದೆ. ಆದರೂ ಒಂದು ಮಾತು ಹೇಳಬೇಕು. ಒಂದೇ ಗೋಡೆ ಹಂಚಿಕೊಂಡ ಲೈನು ಮನೆಯಲ್ಲಿ ಗಂಡನ ಹೊಡೆತವನ್ನೋ ಬಡ್ಡಿ ಸಾಲವನ್ನೋ ಚಾಪೆಯ ಮೇಲೆ ಹೇಳುವುದು ಸುಲಭವಲ್ಲ. ಅಂಥವರಿಗೆ ದೂರದ ದನಿಯೇ ಎಷ್ಟೋ ವಾಸಿ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೋಟ್‌ಬುಕ್ಕಿನ ಬಿನ್ನಹಗಳೂ ಬದಲಾದವು: ಬರಬೇಕಾದ ಬಾಕಿ ಹಣ, ಕ್ವಾರ್ಟರ್ಸಿನ ಹಕ್ಕುಪತ್ರ, ಬೆಂಗಳೂರಿನಲ್ಲಿ ಕೆಲಸ. ನಸುಕಿನಲ್ಲೇ ಮಾರಿಕುಪ್ಪಂ ಬಿಡುವ ರೈಲು ಹತ್ತಿದವರು ಮರಳುವಷ್ಟರಲ್ಲಿ ಕತ್ತಲಾಗಿರುತ್ತದೆ. ವಾರದ ನಡುವಿನ ಕೂಟ ಹೆಂಗಸರು, ಮುದುಕರ ಪಾಲಿನದು. ಉಳಿದವರಿಗೆ ವಾಟ್ಸ್ಆ್ಯಪ್ ಗುಂಪು. ಪಕ್ಕದ ಮನೆಯವರಿಗೆ ತಿಳಿಯುವ ಮೊದಲೇ ಒಬ್ಬಳ ಆಪರೇಷನ್ನಿನ ಸುದ್ದಿ ಪ್ರಾರ್ಥನಾ ಬಿನ್ನಹವಾಗಿ ದುಬೈ ಮುಟ್ಟುವುದು ಇಂದು ಎಲ್ಲಿಯಾದರೂ ಆಗುವ ಮಾತು. ಕೇಳಿ, ಒಪ್ಪಿಗೆ ಪಡೆದು ಹಾಕಿ ಎಂದು ಹಿರಿಯರು ಹೇಳುತ್ತಾರೆ. ಹಾಕುವವರು ಕೈ ಮುಗಿದ ಚಿತ್ರವೊಂದನ್ನು ಸೇರಿಸಿ ಹಾಕಿಯೇ ಬಿಟ್ಟಿರುತ್ತಾರೆ.