ಕಾರವಾರ–ಅಂಕೋಲಾ ಕಡೆ ಬಂದ್ರೆ ಯಾವ ಕೋಟೆ ನೋಡ್ಬೇಕು?

ರಜೆಗೆ ಕಾರವಾರ, ಅಂಕೋಲಾ ಕಡೆ ಬರ್ತಿದ್ದೀರಾ? ಬೀಚ್ ಜೊತೆಗೆ ಒಂದು ಕೋಟೆಯನ್ನೂ ನೋಡಿ. ಯಾವುದು ಅನ್ನೋದು ನಿಮ್ಮ ಸಮಯದ ಮೇಲೆ.

ಒಂದೆರಡು ಗಂಟೆ ಮಾತ್ರ ಇದೆಯಾ? ಕಾರವಾರದಿಂದ ಕಾಳಿ ಸೇತುವೆ ದಾಟಿದ್ರೆ ಸದಾಶಿವಗಡ. ಸೋದೆಯ ಅರಸರು ಕಟ್ಟಿದ ಕೋಟೆ. ಗೋಡೆ ಉಳಿದಿರೋದು ಕಡಿಮೆ. ಆದ್ರೆ ಗುಡ್ಡದ ಮೇಲೆ ನಿಂತ್ರೆ ಕಾಳಿ ನದಿ ಸಮುದ್ರ ಸೇರೋದು ಪೂರ್ತಿ ಕಾಣುತ್ತೆ.

ಅಂಕೋಲಾ ಪೇಟೆಯಲ್ಲೇ ಹಳೆ ಕೋಟೆಯ ಅವಶೇಷ ಇದೆ. ಇತಿಹಾಸದ ಆಸಕ್ತಿ ಇದ್ರೆ ಇಳಿದು ನೋಡಿ.

ದೋಣಿಯಲ್ಲಿ ಹೋಗೋ ಆಸೆಯಾ? ಕೂರ್ಮಗಡ ದ್ವೀಪ. ಪುಷ್ಯ ಹುಣ್ಣಿಮೆಯ ನರಸಿಂಹ ಜಾತ್ರೆಗೆ ಭಕ್ತರು ದೋಣಿಯಲ್ಲಿ ಬಂದು ಬಾಳೆಗೊನೆ ಅರ್ಪಿಸ್ತಾರೆ. ಮಳೆಗಾಲದಲ್ಲಿ ಮಾತ್ರ ಬೇಡ.

ಅರ್ಧ ದಿನ ಇದ್ರೆ ಕಣ್ಣುಮುಚ್ಚಿ ಮಿರ್ಜಾನ್‌ಗೆ ಹೋಗಿ. ಅಂಕೋಲಾದಿಂದ ಕುಮಟಾ ದಾರಿಯಲ್ಲಿ, ಅಘನಾಶಿನಿ ದಡದ ಹತ್ತಿರ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ. ಕೆಂಪು ಜಂಬಿಟ್ಟಿಗೆಯ ಗೋಡೆ, ಸುತ್ತ ಕಂದಕ, ಒಳಗೆ ಆಳದ ಬಾವಿಗಳು. ಮಳೆಗಾಲದಲ್ಲಿ ಗೋಡೆ ತುಂಬಾ ಹಸಿರು ಪಾಚಿ.

ಒಂದೇ ಕೋಟೆ ಅಂದ್ರೆ, ನಮ್ಮ ಆಯ್ಕೆ ಮಿರ್ಜಾನ್. ಗೋಡೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಮುಂದೆ ಬರೋರಿಗೂ ಇದು ಉಳೀಬೇಕು.