ಅಳಿಸಿಹೋದ ಅಕ್ಷರದ ಬೆಲೆ

ನಾಣ್ಯ ಸವೆಯುವುದು ಬೇರೆ, ಅದನ್ನು ಮುದ್ರಿಸುವ ಅಚ್ಚು ಸವೆಯುವುದು ಬೇರೆ. ಕೈಯಿಂದ ಕೈಗೆ ದಾಟಿ ಸವೆದ ನಾಣ್ಯದ ಕಥೆ ಅದೊಂದರದ್ದೇ. ಅಚ್ಚಿನ ಸವೆತವಾದರೋ ಅದರಿಂದ ಹೊರಬಂದ ನಾಣ್ಯಗಳ ಮೇಲೆಲ್ಲ ಅದೇ ಜಾಗದಲ್ಲಿ ಮೂಡಿ, ಟಂಕಸಾಲೆಯ ಒಳಗೆ ನಡೆದದ್ದನ್ನು ಹೇಳುತ್ತದೆ. ಅಮೆರಿಕದ 1922ರ ಲಿಂಕನ್ ಸೆಂಟ್ ಇದಕ್ಕೆ ಒಳ್ಳೆಯ ಸಾಕ್ಷಿ. ಆ ವರ್ಷ ಸೆಂಟ್ ಮುದ್ರಿಸಿದ್ದು ಡೆನ್ವರ್ ಟಂಕಸಾಲೆ ಮಾತ್ರ. ಹಾಗಾಗಿ ಇಸವಿಯ ಕೆಳಗೆ ಆ ಟಂಕಸಾಲೆಯ ಗುರುತಾದ ‘ಡಿ’ ಅಕ್ಷರ ಇರಲೇಬೇಕು. ಆದರೂ ಕೆಲವು ನಾಣ್ಯಗಳಲ್ಲಿ ಅದು ಮಸುಕು, ಕೆಲವುಗಳಲ್ಲಿ ಇಲ್ಲವೇ ಇಲ್ಲ. ದಣಿದ ಅಚ್ಚುಗಳನ್ನು ಬದಲಿಸದೆ, ಉಜ್ಜಿ ನಯಗೊಳಿಸಿ ಮತ್ತೆ ದುಡಿಸಿದ್ದರ ಫಲವದು.

ಇಂಥ ಕೆಟ್ಟ ಮುದ್ರಣಕ್ಕೆ ಸಂಗ್ರಾಹಕರು ಹೆಚ್ಚು ಹಣ ತೆರುವುದು ಯಾವ ನ್ಯಾಯ ಎಂದು ಕೇಳಬಹುದು. ಎಲ್ಲ ಮಸುಕಿಗೂ ಬೆಲೆಯಿಲ್ಲ ಎಂಬುದು ನಿಜವೇ. ಸವೆದ ಅಚ್ಚಿನಿಂದ ಇಸವಿಯ ಕೊನೆಯ ಅಂಕಿ ಜೋಡಿಯಾಗಿ ಕಾಣುವ 1955ರ ಸೆಂಟ್ ಅಗ್ಗಕ್ಕೇ ಸಿಗುತ್ತದೆ. ಅಚ್ಚು ತಯಾರಿಸುವಾಗಲೇ ಅಕ್ಷರಗಳು ಇಮ್ಮಡಿಯಾದ ಅದೇ ವರ್ಷದ ನಾಣ್ಯ ಮಾತ್ರ ದುಬಾರಿ. 1922ರ ನಾಣ್ಯಗಳಲ್ಲೂ ಹೆಚ್ಚು ಬೇಡಿಕೆಯಿರುವುದು ‘ಡಿ’ ಪೂರ್ತಿ ಅಳಿದು, ಹಿಂಬದಿಯ ಗೋಧಿತೆನೆಗಳು ಸ್ಪಷ್ಟವಾಗಿರುವ ನಾಣ್ಯಕ್ಕೆ. ಮುಂಬದಿಯ ಹಳೆಯ ಅಚ್ಚಿಗೆ ಹಿಂಬದಿಯ ಹೊಸ ಅಚ್ಚು ಜೊತೆಯಾಗಿತ್ತು. ‘ಡಿ’ಯನ್ನು ಕೆರೆದು ಮಾಡಿದ ನಕಲಿಗಳನ್ನು ಹಿಡಿಯಲು ಈ ಜೋಡಿಯ ಗುರುತೇ ಆಧಾರ. ಅಂದರೆ ಬೆಲೆ ಬರುವುದು ದೋಷಕ್ಕಲ್ಲ, ಯಾವ ಅಚ್ಚಿನದೆಂದು ಸಾಬೀತಾಗುವ ದೋಷಕ್ಕೆ. ಹಾಗೆಂದು ನಮ್ಮ ದೇಶದ ನಾಣ್ಯಗಳಲ್ಲಿ ಟಂಕಸಾಲೆಯ ಗುರುತು ಕಾಣದಿದ್ದರೆ ಹಿಗ್ಗಬೇಡಿ: ಕೋಲ್ಕತ್ತದ ಟಂಕಸಾಲೆ ಸಾಮಾನ್ಯವಾಗಿ ಗುರುತು ಹಾಕುವುದೇ ಇಲ್ಲ.